ಸಹಾಯ ಬೇಕು: ಲ್ಯಾಪ್‌ಟಾಪ್‌ನಲ್ಲಿ ಎರಡು ವೆಬ್‌ಕ್ಯಾಮ್ ಒಟ್ಟಿಗೆ ಓಡುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಉಡುಪಿಯಲ್ಲಿ ನಮ್ಮೂರಿನ ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ) ಕೂಟವನ್ನು ಲೈವ್ ಕೊಡುತ್ತೇವೆ. ಒಂದು ವೆಬ್‌ಕ್ಯಾಮ್ ಮಾತಾಡುವ ಅರ್ಥಧಾರಿಗಳ ಕಡೆ, ಇನ್ನೊಂದು ಹಾಡುವ ಭಾಗವತರ ಕಡೆ. ಎರಡೂ ಯುಎಸ್‌ಬಿ 2.0. ಒಂದೇ ಹಾಕಿದರೆ ಚಂದ ಬರುತ್ತದೆ. ಎರಡನೆಯದನ್ನು ಆನ್ ಮಾಡಿದ ಕೂಡಲೇ ಅದರ ಚಿತ್ರ ಕಪ್ಪು.

ಕೇಬಲ್ ಬದಲಾಯಿಸಿದೆ, ಡ್ರೈವರ್ ಹೊಸದು ಹಾಕಿದೆ. ನೀಲಿ (ಯುಎಸ್‌ಬಿ 3.0) ಪೋರ್ಟ್‌ನಲ್ಲೂ ನೋಡಿದೆ. ಕ್ಯಾಮೆರಾವೇ 2.0 ಆದ ಕಾರಣ ಅಲ್ಲೂ 480 ಎಂಬಿಪಿಎಸ್‌ನ ದಾರಿಯೇ ಅಲ್ವಾ. ಯುಎಸ್‌ಬಿ 3.0 ಹಬ್ ತಂದರೂ ಅದೇ ಕಥೆ, ಒಳಗಿನ 2.0 ಭಾಗವನ್ನು ಎರಡೂ ಹಂಚಿಕೊಳ್ಳುತ್ತವೆ. ಕ್ಯಾಮೆರಾ ಶುರುವಾಗುವಾಗಲೇ ತನಗೆ ಬೇಕಾದ ಬ್ಯಾಂಡ್‌ವಿಡ್ತ್ (ಡೇಟಾ ಹೋಗುವ ಜಾಗ) ಕಾದಿರಿಸುತ್ತದೆ, ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ. ಕಳಿಸುವ ಡೇಟಾ ಕಡಿಮೆ ಇದ್ದರೂ ಆ ಜಾಗ ಇನ್ನೊಂದಕ್ಕೆ ಸಿಗುವುದಿಲ್ಲ. ಎರಡನ್ನೂ 720ಪಿಗೆ ಇಳಿಸಿದರೆ ಓಡುತ್ತವೆ, ಆದರೆ ಭಾಗವತರು ಜಾಗಟೆ ಬಾರಿಸುವ ಕೈ ಪೂರಾ ಮಸುಕು. ಹಾಡಿನ ಜೀವ ಇರುವುದೇ ಅಲ್ಲಿ, ಅದನ್ನು ಬಿಡಲು ಮನಸ್ಸಿಲ್ಲ.

ನನಗೆ ಗೊತ್ತಾಗದ್ದು ಇಲ್ಲಿ. ಡಿವೈಸ್ ಮ್ಯಾನೇಜರ್‌ನಲ್ಲಿ ಕನೆಕ್ಷನ್ ಪ್ರಕಾರ ನೋಡಿದರೆ ಎಡಬದಿ, ಬಲಬದಿಯ ಪೋರ್ಟ್, ಒಳಗಿನ ಕ್ಯಾಮೆರಾ, ಬ್ಲೂಟೂತ್ ಎಲ್ಲವೂ ಒಂದೇ ಕಂಟ್ರೋಲರ್ (ಯುಎಸ್‌ಬಿ ಪೋರ್ಟ್‌ಗಳನ್ನು ನಡೆಸುವ ಭಾಗ) ಅಡಿಯಲ್ಲಿವೆ. ಬಳಸದ ಒಳಕ್ಯಾಮೆರಾವನ್ನು ಡಿಸೇಬಲ್ ಮಾಡಿದೆ, ವ್ಯತ್ಯಾಸ ಇಲ್ಲ. ಟೈಪ್-ಸಿ ಪೋರ್ಟ್ ಇದೆ, ಆದರೆ ಅದರಲ್ಲಿ ಥಂಡರ್‌ಬೋಲ್ಟ್ (ಹೆಚ್ಚು ವೇಗದ ಬೇರೆ ಬಗೆಯ ಸಂಪರ್ಕ) ಇಲ್ಲ.

ಅನುಭವ ಇದ್ದವರು ದಯವಿಟ್ಟು ಹೇಳಿ: ಇಂಥ ಲ್ಯಾಪ್‌ಟಾಪ್‌ಗೆ ಹೊರಗಿನಿಂದ ಇನ್ನೊಂದು ಯುಎಸ್‌ಬಿ ಕಂಟ್ರೋಲರ್ ಸೇರಿಸುವ ದಾರಿ ಇದೆಯಾ? ಇಲ್ಲದಿದ್ದರೆ ಒಂದು ವೆಬ್‌ಕ್ಯಾಮ್ ಬದಲು ಬೇರೆ ಕ್ಯಾಮೆರಾ ಇಟ್ಟು ಯುಎಸ್‌ಬಿ 3.0 ಕ್ಯಾಪ್ಚರ್ ಕಾರ್ಡ್ (ಕ್ಯಾಮೆರಾದ ವಿಡಿಯೊವನ್ನು ಲ್ಯಾಪ್‌ಟಾಪ್‌ಗೆ ತರುವ ಸಾಧನ) ಹಾಕಿದರೆ ಎರಡೂ 1080ಪಿಯಲ್ಲಿ ಓಡುತ್ತವಾ?