ಪೇಪರ್, ಪೇಟೆಂಟ್, ಸೈಟೇಶನ್: ಯಾವುದನ್ನು ನಂಬುವುದು, ಹೇಗೆ ನೋಡುವುದು? (ಪ್ರಶ್ನೋತ್ತರ)

ಅಡ್ಮಿನ್: ಈ ವಾರದ ಪ್ರಶ್ನೋತ್ತರ ವಿಶ್ವವಿದ್ಯಾಲಯಗಳ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನೆಯ ಬಗ್ಗೆ. ಉತ್ತರ ಕೊಡುವವರು ವಿಶ್ವವಿದ್ಯಾಲಯವೊಂದರ ಲೈಬ್ರರಿಯಲ್ಲಿ ಸಂಶೋಧನಾ ವಿಭಾಗ ನೋಡಿಕೊಳ್ಳುವ ನಮ್ಮ ಕಾಸರಗೋಡಿನವರೇ ಆದ ಮೇಡಂ. ಥೀಸಿಸ್ ಪರೀಕ್ಷಿಸಿ ಶೋಧಗಂಗಾ ಎಂಬ, ದೇಶದ ಪಿಎಚ್‌ಡಿ ಥೀಸಿಸ್‌ಗಳ ಆನ್‌ಲೈನ್ ಸಂಗ್ರಹಕ್ಕೆ ಏರಿಸುವುದು, ಯಾರ ಪೇಪರ್ ಎಲ್ಲಿ ಬಂತು ಎಂದು ದಾಖಲೆ ಇಡುವುದು ಅವರ ಕೆಲಸ. ಒಬ್ಬೊಬ್ಬರಾಗಿ ಕೇಳಿ.

ಬದಿಯಡ್ಕದ ಪಿಎಚ್‌ಡಿ ವಿದ್ಯಾರ್ಥಿ (ಮೆಕ್ಯಾನಿಕಲ್): ಮೇಡಂ, ದಿನಾ ಒಂದಲ್ಲ ಒಂದು ಜರ್ನಲ್‌ನಿಂದ ಮೇಲ್ ಬರುತ್ತದೆ. ಮೂರು ದಿನದಲ್ಲಿ ಪ್ರಕಟಣೆ, ಸ್ಕೋಪಸ್‌ನಲ್ಲಿ (ಆಯ್ದ ಜರ್ನಲ್‌ಗಳ ಅಂತರರಾಷ್ಟ್ರೀಯ ಮಾಹಿತಿಕೋಶ) ಇದೆ, ಇಂಪ್ಯಾಕ್ಟ್ ಫ್ಯಾಕ್ಟರ್ (ಲೇಖನಗಳಿಗೆ ಸರಾಸರಿ ಎಷ್ಟು ಸೈಟೇಶನ್, ಅಂದರೆ ಉಲ್ಲೇಖ, ಬಂತು ಎಂಬ ಲೆಕ್ಕ) ಜಾಸ್ತಿ ಅಂತೆಲ್ಲ ಬರೆದಿರುತ್ತಾರೆ. ಹಣ ಕಟ್ಟಬೇಕು. ಥೀಸಿಸ್ ಕೊಡುವ ಮೊದಲು ಪೇಪರ್ ಬೇಕೇ ಬೇಕು ಎಂದು ಜೊತೆಯವರು ಹೆದರಿಸುತ್ತಾರೆ. ಕಳಿಸಬಹುದಾ?

ಉತ್ತರ: ಕಳಿಸಬೇಡಿ. ಮೂರು ದಿನ ಎಂಬ ಮಾತೊಂದೇ ಸಾಕು, ಅಲ್ಲಿ ಯಾರೂ ಓದುವುದಿಲ್ಲ ಎಂದು ತಿಳಿಯಲು. ಸರಿಯಾದ ಜರ್ನಲ್ ನಿಮ್ಮ ಲೇಖನವನ್ನು ಅದೇ ವಿಷಯ ಬಲ್ಲ ಇಬ್ಬರು ಮೂವರಿಗೆ ಕಳಿಸುತ್ತದೆ. ಅವರು ಓದಬೇಕು, ಲೆಕ್ಕ ನೋಡಬೇಕು, ತಕರಾರು ಬರೆಯಬೇಕು. ನೀವು ತಿದ್ದಿ ಮತ್ತೆ ಕಳಿಸಬೇಕು. ಇದಕ್ಕೆ ತಿಂಗಳುಗಳೇ ಹಿಡಿಯುತ್ತವೆ.

2013ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತರು 'ಸೈನ್ಸ್' ಪತ್ರಿಕೆಗಾಗಿ ಒಂದು ಪರೀಕ್ಷೆ ಮಾಡಿದರು. ಬೇಕೆಂದೇ ದೊಡ್ಡ ತಪ್ಪುಗಳನ್ನು ತುಂಬಿದ ಸುಳ್ಳು ಪೇಪರನ್ನು 304 ಜರ್ನಲ್‌ಗಳಿಗೆ ಕಳಿಸಿದರು. 157 ಜರ್ನಲ್‌ಗಳು ಒಪ್ಪಿಕೊಂಡವು. ಅಂಥ ಕಡೆ ನಿಮ್ಮ ಪೇಪರ್ ಬಂದರೆ, ಅದು ಎಷ್ಟೇ ಚೆನ್ನಾಗಿದ್ದರೂ ಆ ಸಾಲಿಗೇ ಸೇರುತ್ತದೆ. ಆಮೇಲೆ ಹಿಂದೆ ತೆಗೆಯಲು ಹೋದರೆ ಅದಕ್ಕೂ ಹಣ ಕೇಳುವವರಿದ್ದಾರೆ. ವರ್ಷಗಟ್ಟಲೆ ಲ್ಯಾಬಿನಲ್ಲಿ ಬೆವರಿಳಿಸಿದ ಮಕ್ಕಳ ಕೆಲಸ ಹೀಗೆ ಹಾಳಾಗುವುದನ್ನು ನೋಡಿದರೆ ನನಗೆ ತುಂಬಾ ಸಂಕಟವಾಗುತ್ತದೆ.

ಸ್ಕೋಪಸ್‌ನಲ್ಲಿದೆ ಎಂದು ಅವರು ಹೇಳಿದರೆ ನಂಬಬೇಡಿ. ಸ್ಕೋಪಸ್‌ನ ಜರ್ನಲ್ ಪಟ್ಟಿಯನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಹೆಸರಿನ ಬದಲು ಐಎಸ್‌ಎಸ್‌ಎನ್, ಅಂದರೆ ಜರ್ನಲ್‌ನ ಗುರುತಿನ ಸಂಖ್ಯೆ ಹಾಕಿ ಹುಡುಕಿ. ಯಾವ ವರ್ಷದಿಂದ ಯಾವ ವರ್ಷದವರೆಗೆ ಸೇರಿಸಿದ್ದಾರೆ ಎಂದು ಅಲ್ಲೇ ಇರುತ್ತದೆ. ಎಷ್ಟೋ ಜರ್ನಲ್‌ಗಳು ಮೊದಲು ಇದ್ದವು, ಆಮೇಲೆ ಹೊರಗೆ ಹಾಕಲ್ಪಟ್ಟವು. ಇನ್ನೊಂದು ಮೋಸವೂ ಇದೆ. ಹೆಸರುವಾಸಿ ಜರ್ನಲ್‌ನ ಹೆಸರು, ಸಂಖ್ಯೆ ಎರಡನ್ನೂ ಕದ್ದು ನಕಲಿ ವೆಬ್‌ಸೈಟ್ ಮಾಡಿರುತ್ತಾರೆ. ಆದ್ದರಿಂದ ಮೇಲ್‌ನಲ್ಲಿ ಬಂದ ಲಿಂಕ್ ಒತ್ತಬೇಡಿ. ಪಟ್ಟಿಯಿಂದ ಪ್ರಕಾಶಕರ ಹೆಸರು ತಿಳಿದುಕೊಂಡು, ಅವರ ಸ್ವಂತ ಸೈಟಿಗೆ ನೀವೇ ಹೋಗಿ.

ಹಣ ಕೇಳಿದರೆ ಎಲ್ಲವೂ ಮೋಸ ಅಂತಲ್ಲ. ಓದುಗರಿಗೆ ಉಚಿತವಾಗಿ ಕೊಡುವ ಒಳ್ಳೆಯ ಜರ್ನಲ್‌ಗಳೂ ಲೇಖಕರಿಂದ ಶುಲ್ಕ ಪಡೆಯುತ್ತವೆ. ಆದರೆ ಅವು ಪೇಪರ್ ಒಪ್ಪಿದ ಮೇಲೆ ಕೇಳುತ್ತವೆ, ಶುಲ್ಕವನ್ನು ಮೊದಲೇ ತಮ್ಮ ಪುಟದಲ್ಲಿ ಹಾಕಿರುತ್ತವೆ. ಚಂದಾದಿಂದ ನಡೆಯುವ ಜರ್ನಲ್‌ಗಳು ಸಾಮಾನ್ಯವಾಗಿ ಲೇಖಕರಿಂದ ಏನೂ ಪಡೆಯುವುದಿಲ್ಲ. ನೀವು ಮೆಕ್ಯಾನಿಕಲ್‌ನವರು, ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ 'ಸಾಧನಾ' ಎಂಜಿನಿಯರಿಂಗ್ ಜರ್ನಲ್ ನೋಡಿದ್ದೀರಾ? ಇಲ್ಲದಿದ್ದರೆ ಇವತ್ತೇ ಕೆಲವು ಲೇಖನ ಓದಿ. ಎಂಥ ಮಟ್ಟದ ಕೆಲಸ ಬೇಕು ಎಂದು ಅಂದಾಜು ಸಿಗುತ್ತದೆ.

ಇನ್ನು ಆ ಹೆದರಿಕೆಯ ಮಾತು. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2016ರ ನಿಯಮದಲ್ಲಿ ಥೀಸಿಸ್‌ಗೆ ಮೊದಲು ಒಂದು ಪೇಪರ್ ಕಡ್ಡಾಯ ಇತ್ತು. 2022ರ ಹೊಸ ನಿಯಮದಲ್ಲಿ ಆ ಕಡ್ಡಾಯ ಬಿಟ್ಟರು. ಆದರೆ ವಿಶ್ವವಿದ್ಯಾಲಯಗಳು ತಮ್ಮದೇ ನಿಯಮ ಇಟ್ಟುಕೊಂಡಿರಬಹುದು. ನಿಮ್ಮ ಸಂಶೋಧನಾ ವಿಭಾಗದಿಂದ ಬರಹದಲ್ಲೇ ಕೇಳಿ ತಿಳಿದುಕೊಳ್ಳಿ. ಹಾಸ್ಟೆಲ್ ಮಾತು ಕೇಳಿ ಅವಸರ ಮಾಡಬೇಡಿ.

ಅದೇ ವಿದ್ಯಾರ್ಥಿ: ಯುಜಿಸಿ ಒಪ್ಪಿದ ಜರ್ನಲ್‌ಗಳ ಕೇರ್ ಪಟ್ಟಿಯಲ್ಲಿ ಇದ್ದರೆ ಸಾಕಲ್ವಾ? ಮತ್ತೆ ಥೀಸಿಸ್‌ನ ಸಿಮಿಲಾರಿಟಿ, ಅಂದರೆ ಬೇರೆ ಬರಹಗಳೊಂದಿಗಿನ ಹೋಲಿಕೆ, ಶೇಕಡಾ 10ರ ಒಳಗೆ ಬರಬೇಕು ಎನ್ನುವುದು ನಿಜವಾ?

ಉತ್ತರ: ಕೇರ್ ಪಟ್ಟಿಯನ್ನು 2025ರ ಫೆಬ್ರವರಿಯಲ್ಲಿ ಯುಜಿಸಿ ನಿಲ್ಲಿಸಿತು. ಈಗ ಜರ್ನಲ್ ಒಳ್ಳೆಯದಾ ಎಂದು ನೋಡುವ ಹೊಣೆ ಆಯಾ ಸಂಸ್ಥೆಯದ್ದು, ನಿಮ್ಮದೂ ಕೂಡ.

10ರ ಮಾತು ನಿಜ. ಯುಜಿಸಿಯ 2018ರ ನಿಯಮದ ಪ್ರಕಾರ ಶೇ. 10ರವರೆಗೆ ದಂಡ ಇಲ್ಲ. 10ರಿಂದ 40 ಆದರೆ ಆರು ತಿಂಗಳ ಒಳಗೆ ತಿದ್ದಿ ಕೊಡಬೇಕು. 40ರಿಂದ 60 ಆದರೆ ಒಂದು ವರ್ಷ ತಿದ್ದಿದ ಪ್ರತಿ ಕೊಡುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಉದ್ಧರಣ ಚಿಹ್ನೆಯಲ್ಲಿ ಮೂಲ ಹೇಳಿ ಕೊಟ್ಟದ್ದು, ಕೊನೆಯ ಆಧಾರಗಳ ಪಟ್ಟಿ ಇವೆಲ್ಲ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಸಾಫ್ಟ್‌ವೇರ್ ಪದ ಹೋಲಿಸುತ್ತದೆ ಅಷ್ಟೆ. ಬೇರೆಯವರ ಗ್ರಾಫನ್ನು, ಯೋಚನೆಯನ್ನು ಪದ ಬದಲಿಸಿ ತೆಗೆದುಕೊಂಡರೆ ಸಂಖ್ಯೆ 2 ಬಂದರೂ ಅದು ಕಳವೇ.

ಕುಂಬಳೆಯ ತಾಯಿ: ಮಗಳಿಗೆ ಎಂಜಿನಿಯರಿಂಗ್ ಸೀಟು ನೋಡ್ತಾ ಇದ್ದೇವೆ. ಒಂದು ಕಾಲೇಜಿನ ಪುಸ್ತಿಕೆಯಲ್ಲಿ ಒಂದೇ ವರ್ಷಕ್ಕೆ ನೂರಾರು ಪೇಟೆಂಟ್ ಅಂತ ಇದೆ. ಅಷ್ಟು ದೊಡ್ಡ ಕೆಲಸ ಅಲ್ಲಿ ನಡೀತಾ ಇದೆ ಅಂತ ತಿಳಿಯಬಹುದಾ?

ಉತ್ತರ: ಅಕ್ಕಾ, ಪುಸ್ತಿಕೆಯಲ್ಲಿ 'ಪಬ್ಲಿಷ್ಡ್' ಎಂದಿದೆಯಾ, 'ಗ್ರಾಂಟೆಡ್' ಎಂದಿದೆಯಾ ನೋಡಿ. ಇವೆರಡರ ನಡುವೆ ಬಹಳ ಅಂತರ ಇದೆ.

ಪೇಟೆಂಟ್‌ಗೆ ಯಾರು ಅರ್ಜಿ ಹಾಕಿದರೂ ಸಾಮಾನ್ಯವಾಗಿ 18 ತಿಂಗಳಿಗೆ ಅದು ಪೇಟೆಂಟ್ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆ. ಒಂಬತ್ತನೇ ನಮೂನೆ ಎಂಬ ಅರ್ಜಿ ಕೊಟ್ಟು ಶುಲ್ಕ ಕಟ್ಟಿದರೆ ಇನ್ನೂ ಬೇಗ ಪ್ರಕಟವಾಗುತ್ತದೆ. ಅಲ್ಲಿಯವರೆಗೆ ಪರೀಕ್ಷಕರು ಅದನ್ನು ಪರಿಶೀಲಿಸಿರಬೇಕೆಂದೇನೂ ಇಲ್ಲ. ಪ್ರಕಟವಾಯಿತು ಎಂದರೆ ಅರ್ಜಿ ಎಲ್ಲರಿಗೂ ಕಾಣುತ್ತದೆ, ಅಷ್ಟೇ ಅರ್ಥ. ಪರೀಕ್ಷೆಗೆ ಬೇರೆ ಅರ್ಜಿ, ಬೇರೆ ಶುಲ್ಕ ಇದೆ. ಪರೀಕ್ಷಕರು ಇದು ಹೊಸದಾ, ಬಲ್ಲವರಿಗೆ ಸುಲಭವಾಗಿ ಹೊಳೆಯುವಂಥದ್ದಾ, ಉಪಯೋಗಕ್ಕೆ ಬರುತ್ತದಾ ಎಂದು ನೋಡಿ ಆಕ್ಷೇಪ ಕಳಿಸುತ್ತಾರೆ. ಉತ್ತರ ಕೊಟ್ಟು ಗೆದ್ದರೆ ಮಾತ್ರ ಪೇಟೆಂಟ್. ಅದು ಅರ್ಜಿ ಹಾಕಿದ ದಿನದಿಂದ 20 ವರ್ಷ. ಕೆಲವು ಪಟ್ಟಿಗಳಲ್ಲಿ ಡಿಸೈನ್ ನೋಂದಣಿಯನ್ನೂ ಪೇಟೆಂಟ್ ಜೊತೆ ಸೇರಿಸಿರುತ್ತಾರೆ. ಡಿಸೈನ್ ಎಂದರೆ ವಸ್ತುವಿನ ಹೊರ ಆಕಾರಕ್ಕೆ ಸಿಗುವ ಹಕ್ಕು, ಅದು ಕೆಲಸ ಮಾಡುವ ಬಗೆಗೆ ಅಲ್ಲ.

ಪೇಟೆಂಟ್ ಕಚೇರಿಯ 'ಇನ್‌ಪಾಸ್' ಎಂಬ ಹುಡುಕು ಪುಟ ಉಚಿತ. ಕಾಲೇಜಿನ ಹೆಸರು ಹಾಕಿ ನೋಡಿ. ಒಂದೇ ಅರ್ಜಿಯಲ್ಲಿ ಬೇರೆ ಬೇರೆ ಊರಿನ, ಸಂಬಂಧವೇ ಇಲ್ಲದ ಕಾಲೇಜುಗಳ ಹತ್ತು ಹೆಸರು ಕಂಡರೆ ಸ್ವಲ್ಪ ಯೋಚಿಸಿ. ನಿಜವಾಗಿ ಕೆಲಸ ನಡೆಯುವ ಕಾಲೇಜಿನಲ್ಲಿ ಮಗಳನ್ನು ಲ್ಯಾಬಿಗೆ ಕರೆದುಕೊಂಡು ಹೋಗಿ "ಈ ಪೇಟೆಂಟಿನ ಯಂತ್ರ ತೋರಿಸಿ" ಎಂದು ಕೇಳಿದರೆ ಖುಷಿಯಿಂದ ತೋರಿಸುತ್ತಾರೆ. ಕೇಳಲು ನಾಚಿಕೆ ಬೇಡ.

ಮುಳ್ಳೇರಿಯದ ಕೃಷಿಕರು: ಪೇಟೆಂಟ್ ಮಾತು ಬಂದದ್ದು ಒಳ್ಳೆಯದಾಯ್ತು. ಅಡಿಕೆ ಸುಲಿಯುವ ಯಂತ್ರಕ್ಕೆ ನಾನೇ ಒಂದು ಹೊಸ ಜೋಡಣೆ ಮಾಡಿದ್ದೆ. ಕಾಲೇಜಿನ ಮಕ್ಕಳು ಬಂದು ನೋಡಿ ಪ್ರಾಜೆಕ್ಟ್ ಮಾಡಿದರು. ಈಗ ಪೇಪರ್ ಬರೆದು ಕಳಿಸ್ತೇವೆ ಅಂತಿದ್ದಾರೆ. ನನಗೆ ಏನಾದರೂ ಹಕ್ಕು ಉಂಟಾ?

ಉತ್ತರ: ಅಣ್ಣಾ, ಪೇಪರ್ ಕಳಿಸುವುದನ್ನು ಇವತ್ತೇ ತಡೆಯಿರಿ. ಇದು ಬಹಳ ಮುಖ್ಯ. ಒಮ್ಮೆ ಪೇಪರ್‌ನಲ್ಲೋ ವೀಡಿಯೋದಲ್ಲೋ ಎಲ್ಲರಿಗೂ ತಿಳಿದರೆ ಅದು ಹೊಸದಾಗಿ ಉಳಿಯುವುದಿಲ್ಲ, ಪೇಟೆಂಟ್ ಸಿಗುವುದಿಲ್ಲ. ಕಾನೂನಿನಲ್ಲಿ 12 ತಿಂಗಳ ರಿಯಾಯಿತಿ ಇದೆ. ಆದರೆ ಸರಕಾರ ಅಧಿಸೂಚನೆ ಹೊರಡಿಸಿದ ಪ್ರದರ್ಶನದಂಥ ಕೆಲವೇ ಸಂದರ್ಭಕ್ಕೆ. ಕಾಲೇಜಿನ ಟೆಕ್ ಫೆಸ್ಟ್ ಅದರಲ್ಲಿ ಬರುವುದಿಲ್ಲ.

ಮೊದಲು ಪ್ರಾವಿಷನಲ್, ಅಂದರೆ ತಾತ್ಕಾಲಿಕ ಅರ್ಜಿ ಹಾಕಿ. ಯಂತ್ರ ಪೂರ್ತಿ ಆಗಿರಬೇಕೆಂದಿಲ್ಲ, ಹೊಸ ಭಾಗ ಏನು ಎಂದು ಚಿತ್ರ ಸಹಿತ ವಿವರಿಸಿದರೆ ಸಾಕು. ಅಲ್ಲಿಂದ 12 ತಿಂಗಳ ಒಳಗೆ ಪೂರ್ತಿ ವಿವರಣೆ ಕೊಡಬೇಕು. ವ್ಯಕ್ತಿಗಳು ಆನ್‌ಲೈನ್‌ನಲ್ಲಿ ಹಾಕಿದರೆ ಅರ್ಜಿ ಶುಲ್ಕ 1,600 ರೂಪಾಯಿ, ಪರೀಕ್ಷೆಯ ಕೋರಿಕೆಗೆ 4,000. ಏಜೆಂಟ್ ಹಿಡಿದರೆ ಅವರ ಸಂಭಾವನೆ ಬೇರೆ. ಅರ್ಜಿ ಬಿದ್ದ ಮೇಲೆ ಮಕ್ಕಳು ಪೇಪರ್ ಕಳಿಸಲಿ, ಅವರಿಗೂ ಅದು ಬೇಕು.

ಆ ಜೋಡಣೆ ನಿಮ್ಮ ತಲೆಯಿಂದ ಬಂದದ್ದಾದರೆ ಅರ್ಜಿಯಲ್ಲಿ ಇನ್ವೆಂಟರ್ ಎಂಬಲ್ಲಿ ನಿಮ್ಮ ಹೆಸರು ಇರಲೇಬೇಕು. ಮಕ್ಕಳು ಅದಕ್ಕೆ ಹೊಸತೇನಾದರೂ ಸೇರಿಸಿದ್ದರೆ ಅವರ ಹೆಸರೂ ಬೇಕು. ವಿಭಾಗದ ಮುಖ್ಯಸ್ಥರು ಎಂಬ ಒಂದೇ ಕಾರಣಕ್ಕೆ ಯಾರ ಹೆಸರೂ ಬರುವಂತಿಲ್ಲ. ಹಕ್ಕು ಯಾರಿಗೆ ಎಷ್ಟು ಎಂದು ಕಾಲೇಜಿನ ಜೊತೆ ಕಾಗದದಲ್ಲಿ ಬರೆಸಿಕೊಳ್ಳಿ. ಯಂತ್ರ ಮಾಡಿದ ದಿನಾಂಕ ಇರುವ ಫೋಟೋ, ಬಿಲ್ಲುಗಳನ್ನು ತೆಗೆದಿಡಿ.

ಅಂದ ಹಾಗೆ, ಬೇಸಾಯದ ವಿಧಾನಕ್ಕೆ ನಮ್ಮ ದೇಶದಲ್ಲಿ ಪೇಟೆಂಟ್ ಇಲ್ಲ, ಗಿಡಗಳಿಗೂ ಇಲ್ಲ. ಹೊಸ ತಳಿಗೆ 2001ರ ಬೇರೆ ಕಾಯ್ದೆ ಇದೆ. ಅದರಲ್ಲಿ ಕೃಷಿಕರೂ ತಮ್ಮ ತಳಿಯನ್ನು ನೋಂದಾಯಿಸಬಹುದು. ನಿಮ್ಮದು ಯಂತ್ರ, ಆದ್ದರಿಂದ ಪೇಟೆಂಟ್ ದಾರಿಯೇ ಸರಿ.

ಪೆರ್ಲದ ನಿವೃತ್ತ ಮಾಷ್ಟ್ರು: ನಮ್ಮ ಪಡ್ರೆ ಹಳ್ಳಿಯ ಎಂಡೋಸಲ್ಫಾನ್ ಕೀಟನಾಶಕದ ಬಗ್ಗೆ ದೊಡ್ಡ ಜರ್ನಲ್‌ನಲ್ಲಿ ಪೇಪರ್ ಬಂದಿದೆ ಎಂದು ಕೇಳಿದ್ದೇನೆ. ಇನ್ನು ಕೆಲವರು "ಅದರಲ್ಲಿ ಏನೂ ಸಾಬೀತಾಗಿಲ್ಲ" ಎನ್ನುತ್ತಾರೆ. ವಿಜ್ಞಾನ ಗೊತ್ತಿಲ್ಲದವರು ಇಂಥದ್ದನ್ನು ಓದುವುದು ಹೇಗೆ?

ಉತ್ತರ: ಮಾಷ್ಟ್ರೇ, ನೀವು ಕೇಳಿದ್ದಕ್ಕೆ ನನಗೆ ತುಂಬಾ ಸಂತೋಷ. ಪಡ್ರೆ ಇರುವ ಎಣ್ಮಕಜೆ ಪಂಚಾಯತಿನ ಪ್ರತಿ ಮನೆಯವರೂ ಓದಬೇಕಾದ ಪೇಪರ್ ಅದು. 2003ರಲ್ಲಿ 'ಎನ್‌ವೈರನ್‌ಮೆಂಟಲ್ ಹೆಲ್ತ್ ಪರ್‌ಸ್ಪೆಕ್ಟಿವ್ಸ್' ಎಂಬ ಅಮೆರಿಕದ ಜರ್ನಲ್‌ನಲ್ಲಿ ಬಂತು. ಬರೆದವರಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಮುಖ್ಯರು. ಪೂರ್ತಿ ಲೇಖನ ಉಚಿತವಾಗಿ ಓದಲು ಸಿಗುತ್ತದೆ.

ಓದುವಾಗ ಮೊದಲು ಯಾರನ್ನು ಯಾರೊಂದಿಗೆ ಹೋಲಿಸಿದ್ದಾರೆ ನೋಡಿ. ಇಲ್ಲಿ ಗೇರು ತೋಟದ ಗುಡ್ಡದ ಬುಡದಲ್ಲಿರುವ ಹಳ್ಳಿಯ 10ರಿಂದ 19 ವರ್ಷದ 117 ಶಾಲಾ ಹುಡುಗರು ಒಂದು ಕಡೆ. ಅಲ್ಲಿ 20 ವರ್ಷಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಮದ್ದು ಸಿಂಪಡಿಸಿದ್ದರು. ಇನ್ನೊಂದು ಕಡೆ ಮದ್ದು ತಾಗದ ಬೇರೆ ಊರಿನ, ಇವರಂತೆಯೇ ಇರುವ 90 ಹುಡುಗರು. ಈ ಎರಡನೇ ಗುಂಪು ಇಲ್ಲದಿದ್ದರೆ ಪೇಪರಿಗೆ ಬೆಲೆಯೇ ಇಲ್ಲ. ಹೋಲಿಕೆ ಇಲ್ಲದೆ ಕಾರಣ ಹೇಳುವುದು ಹೇಗೆ?

ಆಮೇಲೆ ಏನು ಅಳೆದರು ನೋಡಿ. ರಕ್ತದಲ್ಲಿ ಎಂಡೋಸಲ್ಫಾನ್ ಎಷ್ಟಿದೆ, ಹಾರ್ಮೋನ್ ಎಷ್ಟಿದೆ, ಪ್ರಾಯಕ್ಕೆ ತಕ್ಕ ದೇಹದ ಬೆಳವಣಿಗೆ ಆಗಿದೆಯಾ ಎಂದು ಅಳೆದರು. ಮದ್ದು ತಾಗಿದ ಹುಡುಗರಲ್ಲಿ ಪ್ರಾಯಕ್ಕೆ ಬರುವುದು ತಡವಾಗಿರಬಹುದು, ಹಾರ್ಮೋನ್ ತಯಾರಿಗೆ ಅಡ್ಡಿಯಾಗಿರಬಹುದು ಎಂದು ಬರೆದರು. "ಆಗಿರಬಹುದು" ಎಂದೇ ಬರೆದರು. ಗುಂಪು ಚಿಕ್ಕದು, ಕೆಲವರು ಪರೀಕ್ಷೆಗೆ ಬರಲಿಲ್ಲ, ಇವು ನಮ್ಮ ಅಧ್ಯಯನದ ಮಿತಿ ಎಂದೂ ಅವರೇ ಹೇಳಿದರು. "ಏನೂ ಸಾಬೀತಾಗಿಲ್ಲ" ಎನ್ನುವವರು ಈ ಸಾಲನ್ನು ಹಿಡಿದುಕೊಳ್ಳುತ್ತಾರೆ. ನಾನು ಅದನ್ನು ಬೇರೆ ರೀತಿ ನೋಡುತ್ತೇನೆ. ತನ್ನ ಮಿತಿ ಹೇಳುವ ಪೇಪರನ್ನು ನಾನು ಹೆಚ್ಚು ನಂಬುತ್ತೇನೆ. ಮಿತಿಯೇ ಇಲ್ಲ ಎನ್ನುವ ಪೇಪರ್ ಕಂಡರೆ ನನಗೆ ಸಂಶಯ. ಆಕ್ಷೇಪದ ಪತ್ರಗಳೂ ಅದೇ ಜರ್ನಲ್‌ನಲ್ಲಿ ಬಂದವು, ಲೇಖಕರ ಉತ್ತರವೂ ಬಂತು. ಎರಡನ್ನೂ ಓದಿ ನೀವೇ ತೂಗಬಹುದು.

ಒಂದೇ ಪೇಪರಿನಿಂದ ಎಲ್ಲವೂ ತೀರ್ಮಾನ ಆಗುವುದಿಲ್ಲ ಎನ್ನುವುದೂ ಸರಿ. ಪ್ರಾಣಿಗಳ ಮೇಲಿನ ಪ್ರಯೋಗ, ಬೇರೆ ಊರುಗಳ ಅಧ್ಯಯನ, ಮಣ್ಣು ನೀರಿನ ಪರೀಕ್ಷೆ ಎಲ್ಲ ಸೇರಿ ತೂಕ ಬರುತ್ತದೆ. 2011ರ ಏಪ್ರಿಲ್‌ನಲ್ಲಿ, ಬಹುಕಾಲ ಉಳಿಯುವ ವಿಷ ರಾಸಾಯನಿಕಗಳ ಕುರಿತ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಮೇ ತಿಂಗಳಲ್ಲಿ ನಮ್ಮ ಸುಪ್ರೀಂ ಕೋರ್ಟ್ ದೇಶದಲ್ಲಿ ಅದರ ಬಳಕೆಗೆ ತಡೆ ಕೊಟ್ಟಿತು. ಇಂಥ ತೀರ್ಮಾನಕ್ಕೆ ಇಂಥ ಪೇಪರುಗಳೂ ಬೇಕಾಗುತ್ತವೆ. ನಮ್ಮೂರ ಹುಡುಗರು ಅಂದು ರಕ್ತ ಕೊಟ್ಟು ಸಹಕರಿಸಿದ್ದರಿಂದ ಆ ಪೇಪರ್ ಆಯಿತು, ಅದನ್ನು ನಾವು ಮರೆಯಬಾರದು.

ಮಂಜೇಶ್ವರದ ಎಂ.ಎಸ್ಸಿ ವಿದ್ಯಾರ್ಥಿನಿ: ಪಿಎಚ್‌ಡಿ ಗೈಡ್ ಹುಡುಕುವಾಗ ಎಚ್-ಇಂಡೆಕ್ಸ್ ಜಾಸ್ತಿ ಇರುವವರನ್ನೇ ನೋಡಬೇಕಾ?

ಉತ್ತರ: ಬೇಡ ತಂಗಿ. 2005ರಲ್ಲಿ ಭೌತವಿಜ್ಞಾನಿ ಹಿರ್ಷ್ ಹೇಳಿದ ಲೆಕ್ಕ ಅದು. ಎಚ್-ಇಂಡೆಕ್ಸ್ 12 ಎಂದರೆ ಕನಿಷ್ಠ 12 ಸಲ ಬೇರೆ ಪೇಪರುಗಳು ಉಲ್ಲೇಖಿಸಿದ 12 ಪೇಪರ್ ಅವರದ್ದು ಇವೆ ಎಂದರ್ಥ. ವಯಸ್ಸಾದಂತೆ ಅದು ಏರುತ್ತದೆ, ಇಳಿಯುವುದೇ ಇಲ್ಲ. ಗಣಿತದಲ್ಲಿ ಕಡಿಮೆ, ವೈದ್ಯಕೀಯದಲ್ಲಿ ಜಾಸ್ತಿ. ತಮ್ಮನ್ನು ತಾವೇ ಉಲ್ಲೇಖಿಸಿ ಏರಿಸುವವರೂ ಇದ್ದಾರೆ.

ನೀವು ಶೋಧಗಂಗಾಕ್ಕೆ ಹೋಗಿ ಆ ಗೈಡ್ ಹೆಸರಿನಲ್ಲಿ ಹುಡುಕಿ. ಅವರ ಕೈಕೆಳಗೆ ಬಂದ ಥೀಸಿಸ್‌ಗಳು ಸಿಗುತ್ತವೆ. ಎರಡು ಮೂರು ತೆರೆದು ಓದಿ. ವಿದ್ಯಾರ್ಥಿಗಳು ಎಷ್ಟು ವರ್ಷದಲ್ಲಿ ಮುಗಿಸಿದ್ದಾರೆ, ಪೇಪರಿನಲ್ಲಿ ವಿದ್ಯಾರ್ಥಿಯ ಹೆಸರು ಮೊದಲು ಇದೆಯಾ ನೋಡಿ. ಅವರ ಹಳೆಯ ವಿದ್ಯಾರ್ಥಿಯೊಬ್ಬರಿಗೆ ಫೋನ್ ಮಾಡಿ ಮಾತಾಡಿ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ ನಿಮಗೆ ಹತ್ತಿರವೇ, ನೇರ ಹೋಗಿ ಲ್ಯಾಬ್ ನೋಡಿ ಬರಬಹುದು.

ಮುಳ್ಳೇರಿಯದ ಕೃಷಿಕರು: ಮಕ್ಕಳಿಗೆ ಫೋನ್ ಮಾಡಿದೆ, ಪೇಪರ್ ಇನ್ನೂ ಕಳಿಸಿಲ್ಲವಂತೆ. ಇನ್ನೊಂದು ಕೇಳ್ತೇನೆ. ಅಡಿಕೆ ತೆಂಗಿನ ಪೇಪರ್ ಓದಲು ಹೋದರೆ ಡಾಲರಿನಲ್ಲಿ ಹಣ ಕೇಳುತ್ತದೆ. ನಮ್ಮ ತೋಟದಲ್ಲೇ ಮಾಡಿದ ಪ್ರಯೋಗಕ್ಕೂ!

ಉತ್ತರ: ಸದ್ಯ ಉಳಿಯಿತು ಅಣ್ಣಾ, ಈ ವಾರವೇ ಅರ್ಜಿಯ ಕೆಲಸ ಹಿಡಿಯಿರಿ.

ಹಣ ಕೊಡಬೇಡಿ. 2025ರ ಜನವರಿಯಿಂದ ಕೇಂದ್ರ ಸರಕಾರದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆ ಇದೆ. 30 ಪ್ರಕಾಶಕರ ಸುಮಾರು 13,000 ಜರ್ನಲ್ ಅದರಲ್ಲಿವೆ, ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ಆದರೆ ಅದು ಸರಕಾರಿ ಕಾಲೇಜು, ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳಿಗೆ. ಕೃಷಿಕರ ಮನೆಗೆ ಇನ್ನೂ ಬಂದಿಲ್ಲ. ಬರಬೇಕು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ, ಯಾಕೆಂದರೆ ಹಣ ಜನರದ್ದು.

ಅಲ್ಲಿಯವರೆಗೆ ಪೇಪರಿನಲ್ಲಿ ಇರುವ ಲೇಖಕರ ಮೇಲ್‌ಗೆ ಎರಡು ಸಾಲು ಬರೆಯಿರಿ. ಹೆಚ್ಚಿನವರು ಪ್ರತಿ ಕಳಿಸುತ್ತಾರೆ. ತೋಟದ ಬೆಳೆಯ ವಿಷಯಕ್ಕೆ ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಇದೆಯಲ್ಲ, ನಮ್ಮ ಊರು ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ 1916ರಲ್ಲಿ ತೆಂಗಿನ ಕೇಂದ್ರವಾಗಿ ಶುರುವಾದದ್ದು. ಮಂಗಳ, ಸುಮಂಗಳ ಅಡಿಕೆ ತಳಿಗಳು ಅವರ ಕೆಲಸವೇ. 1973ರಿಂದ ಬರುವ 'ಜರ್ನಲ್ ಆಫ್ ಪ್ಲಾಂಟೇಶನ್ ಕ್ರಾಪ್ಸ್' ಕೂಡ ಕಾಸರಗೋಡಿನದ್ದೇ. ಅಲ್ಲಿಗೆ ಹೋಗಿ ಬೇಕಾದ ವಿಷಯ ಹೇಳಿ ಕೇಳಿ. ಯಾವ ಪೇಪರ್ ಎಂದು ಇಲ್ಲಿ ಹಾಕಿದರೆ ಉಚಿತ ಪ್ರತಿ ಎಲ್ಲಿದೆ ಎಂದು ನಾನೂ ಹುಡುಕಿ ಕೊಡುತ್ತೇನೆ.