ಮೈನಸ್ 15ರಲ್ಲಿ ಹೊರಗೆ ಕೆಲಸ, ಏನು ಹಾಕಿಕೊಳ್ಳಲಿ?

ಪ್ರಶ್ನೆ: ಮುಂದಿನ ತಿಂಗಳಿಂದ ದಿನಾ ಆರೇಳು ಗಂಟೆ ಹೊರಗೇ ಕೆಲಸ. ಮೈನಸ್ 15 ಡಿಗ್ರಿವರೆಗೂ ಇಳಿಯುತ್ತದಂತೆ. ಇಂಥ ಚಳಿ ನನಗೆ ಹೊಸದು. ಕೈಕಾಲು ಉಳಿಸಿಕೊಳ್ಳುವುದು ಹೇಗೆ?

— ಮೊದಲ ವರ್ಷ ನಾನು ದಪ್ಪ ಜಾಕೆಟ್ ಒಂದಿದ್ದರೆ ಸಾಕು ಅಂದುಕೊಂಡಿದ್ದೆ. ಒಳಗೆ ಹತ್ತಿ ಬನಿಯನ್. ಸಾಮಾನು ಎತ್ತಿ ಇಳಿಸುವಾಗ ಚೆನ್ನಾಗಿ ಬೆವರಿತು. ಕೆಲಸ ನಿಂತ ಹತ್ತೇ ನಿಮಿಷಕ್ಕೆ ಬನಿಯನ್ ಬೆನ್ನಿಗೆ ತಣ್ಣಗೆ ಅಂಟಿಕೊಂಡು ಹಲ್ಲು ಕಟಕಟ. ಹತ್ತಿ ಬೆವರು ಹೀರುತ್ತದೆ, ಆದರೆ ಬೇಗ ಒಣಗುವುದಿಲ್ಲ. ಮೈಗೆ ತಾಗುವ ಬಟ್ಟೆ ಉಣ್ಣೆಯದೋ ಪಾಲಿಯೆಸ್ಟರಿನದೋ ಇರಲಿ. ಅದರ ಮೇಲೆ ಫ್ಲೀಸ್ (ಮೆತ್ತನೆಯ, ಬೆಚ್ಚನೆಯ ಸಿಂಥೆಟಿಕ್ ಬಟ್ಟೆ), ಕೊನೆಗೆ ಗಾಳಿ ತಡೆಯುವ ಜಾಕೆಟ್. ಬೆವರುವ ಮುಂಚೆಯೇ ಜಿಪ್ ಇಳಿಸಿ. ಮನೆ ಬಿಡುವಾಗ ಸ್ವಲ್ಪ ಚಳಿ ಅನ್ನಿಸಿದರೆ ಲೆಕ್ಕ ಸರಿ ಇದೆ ಅಂತ.

— ಎರಡು ಜೊತೆ ಸಾಕ್ಸ್ ಹಾಕಿ, ಮುಗೀತು.

— ಮೇಲಿನವರೇ, ಬೂಟು ಬಿಗಿಯಾಗದಿದ್ದರೆ ಮಾತ್ರ! ಕಾಲು ಒತ್ತಿಕೊಂಡರೆ ರಕ್ತ ಓಡುವುದಿಲ್ಲ, ಒಂದು ಜೊತೆಗಿಂತ ಜಾಸ್ತಿ ತಣ್ಣಗಾಗುತ್ತದೆ. ಬೂಟಿನೊಳಗೆ ಬೆರಳು ಆಡಿಸಲು ಆಗಬೇಕು. ಒಣ ಸಾಕ್ಸ್ ಒಂದು ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡಿರಿ, ಮಧ್ಯಾಹ್ನ ಬದಲಾಯಿಸಿ. ಸೊನ್ನೆಗಿಂತ ಮೇಲಿದ್ದರೂ ಗಂಟೆಗಟ್ಟಲೆ ಒದ್ದೆಯಾಗಿದ್ದರೆ ಪಾದ ಹಾಳಾಗುತ್ತದೆ. ಕೈಗೆ ಗ್ಲೌಸಿಗಿಂತ ಬೆರಳೆಲ್ಲ ಒಟ್ಟಿಗಿರುವ ಮಿಟನ್ ಬೆಚ್ಚಗೆ.

— ಜೊತೆಗೊಬ್ಬರು ಇರಲಿ, ಒಬ್ಬರ ಮುಖ ಒಬ್ಬರು ನೋಡಿಕೊಳ್ಳಿ. ನನ್ನ ಕಿವಿಯ ತುದಿ ಮೇಣದ ಹಾಗೆ ಬೆಳ್ಳಗಾಗಿದ್ದನ್ನು ಹೇಳಿದ್ದು ಜೊತೆಗಿದ್ದವನು. ನನಗೇನೂ ನೋವಿರಲಿಲ್ಲ, ಅದೇ ಅಪಾಯ. ಫ್ರಾಸ್ಟ್‌ಬೈಟ್ (ಚಳಿಗೆ ಚರ್ಮ ಹೆಪ್ಪುಗಟ್ಟುವುದು) ಶುರುವಾದಾಗ ಆ ಜಾಗ ಮರಗಟ್ಟಿರುತ್ತದೆ. ಉಜ್ಜಬೇಡಿ, ಹೀಟರಿಗೂ ಹಿಡಿಯಬೇಡಿ, ಸುಟ್ಟರೂ ಗೊತ್ತಾಗುವುದಿಲ್ಲ. 37ರಿಂದ 39 ಡಿಗ್ರಿಯ ಬೆಚ್ಚನೆ ನೀರು ಸಾಕು. ಆದರೆ ಮತ್ತೆ ಹೆಪ್ಪುಗಟ್ಟುವ ಸಾಧ್ಯತೆ ಇದ್ದರೆ ಆಗಲೇ ಕರಗಿಸಬೇಡಿ, ಪೆಟ್ಟು ದೊಡ್ಡದಾಗುತ್ತದೆ. ಬಣ್ಣ, ಸ್ಪರ್ಶ ವಾಪಸ್ ಬರದಿದ್ದರೆ ಡಾಕ್ಟರ ಹತ್ತಿರ ಹೋಗಿ.

— 'ಒಂದು ಪೆಗ್ ಹಾಕು, ಬೆಚ್ಚಗಿರುತ್ತೆ' ಅನ್ನುವವರು ಸಿಗುತ್ತಾರೆ. ಬೆಚ್ಚಗನ್ನಿಸುವುದು ಚರ್ಮಕ್ಕೆ ಮಾತ್ರ, ಒಳಗಿನ ಶಾಖ ಹೊರಗೆ ಹೋಗುತ್ತಿರುತ್ತದೆ. ಯಾರಾದರೂ ತೊದಲುತ್ತಿದ್ದರೆ, ಜಿಪ್ ಹಾಕಲು ತಡಕಾಡುತ್ತಿದ್ದರೆ ತಕ್ಷಣ ಒಳಗೆ ಕರೆದುಕೊಂಡು ಹೋಗಿ, ಸಹಾಯ ಕರೆಯಿರಿ. ಅಷ್ಟು ಚಳಿಯಲ್ಲಿ ನಡುಕ ತಾನಾಗಿ ನಿಂತಿತು ಅಂದರೆ ಸುಧಾರಿಸಿದ್ದಾರೆ ಅಂದುಕೊಳ್ಳಬೇಡಿ. ಮತ್ತೊಂದು, ಮೂತ್ರಕ್ಕೆ ಹೋಗಲು ಅಷ್ಟೆಲ್ಲ ಬಟ್ಟೆ ಬಿಚ್ಚುವ ತಾಪತ್ರಯ ಯಾಕೆ ಅಂತ ನೀರು ಕುಡಿಯುವುದನ್ನು ಬಿಡಬೇಡಿ. ನಾನು ಬಿಟ್ಟು, ಸಂಜೆಗೆಲ್ಲ ತಲೆನೋವು ಹಿಡಿಸಿಕೊಂಡಿದ್ದೆ.

— ಪ್ರಶ್ನೆ ಕೇಳಿದ್ದು ನಾನೇ. ಹೊಸ ಬೂಟಿಗೆ ಉಣ್ಣೆ ಸಾಕ್ಸ್ ಹಾಕಿ ಈಗಷ್ಟೇ ನೋಡಿದೆ. ಬೆರಳು ಅಲ್ಲಾಡುತ್ತಿಲ್ಲ. ನಾಳೆ ಹೋಗಿ ಒಂದು ಸೈಜ್ ದೊಡ್ಡದು ತರುತ್ತೇನೆ.