ಜಿಟಿಎಕ್ಸ್ 1060 6 ಜಿಬಿನಾ, ಆರ್‌ಎಕ್ಸ್ 580 8 ಜಿಬಿನಾ? ಹಳೇ ಐ5 ಸಿಸ್ಟಮ್‌ಗೆ ಯಾವುದು ಸರಿ

ನಾಗರಬಾವಿ_ಹುಡುಗ:

ಎಲ್ಲರಿಗೂ ನಮಸ್ಕಾರ. ಹಳೇ ಸಿಸ್ಟಮ್‌ಗೆ ಒಂದು ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಹಾಕಬೇಕು ಅಂತಿದ್ದೇನೆ. ಹೊಸ ಸಿಸ್ಟಮ್ ಕಟ್ಟುವಷ್ಟು ದುಡ್ಡು ಸದ್ಯಕ್ಕಿಲ್ಲ, ಕೆಲಸ ಸಿಕ್ಕ ಮೇಲೆ ನೋಡಬೇಕು. ಈಗಿರುವುದು ಐ5-4570, 16 ಜಿಬಿ ಡಿಡಿಆರ್3, 450 ವ್ಯಾಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ), ಜೊತೆಗೆ 600 ವಿಎ ಯುಪಿಎಸ್. ಎಸ್‌ಎಂಪಿಎಸ್ ಒಳ್ಳೆ ಕಂಪನಿಯದೇ, ಆದರೆ ಕಾರ್ಡ್‌ಗೆ ಕೊಡಲು 6+2 ಪಿನ್ ಕೇಬಲ್ ಒಂದೇ ಇದೆ. ಮಾನಿಟರ್ 1080ಪಿ, 60 ಹರ್ಟ್ಸ್.

ಎರಡು ಕಾರ್ಡ್ ನೋಡಿಟ್ಟಿದ್ದೇನೆ. ಬೆಂಗಳೂರಿನ ಎಸ್‌ಪಿ ರೋಡ್‌ನ ಒಂದು ಅಂಗಡಿಯಲ್ಲಿ ಎನ್‌ವಿಡಿಯಾದ ಜಿಟಿಎಕ್ಸ್ 1060 6 ಜಿಬಿ ಇದೆ, 6,000 ಹೇಳುತ್ತಿದ್ದಾರೆ, ಒಂದು ತಿಂಗಳು ಟೆಸ್ಟಿಂಗ್ ವಾರಂಟಿ. ಇನ್ನೊಂದು ಬನಶಂಕರಿ ಕಡೆ ಒಬ್ಬರ ಹತ್ತಿರ ಎಎಂಡಿಯ ಆರ್‌ಎಕ್ಸ್ 580 8 ಜಿಬಿ, 5,000ಕ್ಕೆ ಕೊಡುತ್ತಾರಂತೆ, ವಾರಂಟಿ ಏನೂ ಇಲ್ಲ. ಆಡುವುದು ಜಿಟಿಎ 5, ಕೌಂಟರ್ ಸ್ಟ್ರೈಕ್ 2, ಫೋರ್ಜಾ ಹೊರೈಜನ್ 5. ರೆಡ್ ಡೆಡ್ ರಿಡೆಂಪ್ಶನ್ 2 ಮುಗಿಸಬೇಕು ಅಂತ ತುಂಬಾ ಆಸೆ ಇದೆ, ಆದರೆ ಅಷ್ಟು ದೊಡ್ಡ ಗೇಮ್ ಈ ಕಾರ್ಡ್‌ಗಳಲ್ಲಿ ನೆಟ್ಟಗೆ ಓಡುತ್ತಾ ಗೊತ್ತಿಲ್ಲ. 8 ಜಿಬಿ ಇದ್ದೂ 1,000 ಕಮ್ಮಿ ಅಂದರೆ 580 ತೆಗೆದುಕೊಳ್ಳಬೇಕು ಅನ್ನಿಸುತ್ತೆ. ಆದರೆ ಅದು ಬಿಸಿ ಆಗುತ್ತೆ, ಕರೆಂಟ್ ಜಾಸ್ತಿ ತಿನ್ನುತ್ತೆ, ಎಲ್ಲಾ ಕ್ರಿಪ್ಟೋ ಮೈನಿಂಗ್‌ಗೆ (ಡಿಜಿಟಲ್ ನಾಣ್ಯ ಗಳಿಸಲು) ಹಗಲೂ ರಾತ್ರಿ ಓಡಿಸಿದ ಕಾರ್ಡ್‌ಗಳೇ ಅಂತ ಹೆದರಿಸುತ್ತಾರೆ. ಬಳಸಿದವರು ದಯವಿಟ್ಟು ಹೇಳಿ.

ಮಲ್ಲೇಶ್ವರಂ_ಫ್ರೇಮ್:

ಎರಡೂ ಒಂದೇ ಮಟ್ಟದ ಕಾರ್ಡ್‌ಗಳೇ. 1060 ಬಂದಿದ್ದು 2016ರ ಜುಲೈನಲ್ಲಿ, 580 ಬಂದಿದ್ದು 2017ರ ಏಪ್ರಿಲ್‌ನಲ್ಲಿ. ಇವತ್ತಿಗೂ ಎಷ್ಟೋ ಗೇಮ್‌ಗಳ ಕನಿಷ್ಠ ಬೇಡಿಕೆಯ ಪಟ್ಟಿಯಲ್ಲಿ ಇವೆರಡನ್ನೂ ಅಕ್ಕಪಕ್ಕದಲ್ಲೇ ಬರೆದಿರುತ್ತಾರೆ. ಸೈಬರ್‌ಪಂಕ್ 2077 ನೋಡಿ, ಬ್ಲ್ಯಾಕ್ ಮಿತ್ ವುಕಾಂಗ್ ನೋಡಿ, ಎರಡರಲ್ಲೂ 1060 6 ಜಿಬಿ ಅಥವಾ 580 8 ಜಿಬಿ ಅಂತಲೇ ಇದೆ. ಹಾಗಾಗಿ ಒಂದು ಓಡಿಸುವ ಗೇಮ್ ಇನ್ನೊಂದು ಓಡಿಸಲ್ಲ ಅನ್ನುವ ಭಯ ಬೇಡ.

ವ್ಯತ್ಯಾಸ ಇರುವುದು ಎಲ್ಲಿ ಅಂದರೆ, 1060ಗೆ 192 ಬಿಟ್ ಬಸ್ (ಮೆಮೊರಿಗೆ ಹೋಗುವ ದಾರಿಯ ಅಗಲ), ಸೆಕೆಂಡ್‌ಗೆ 192 ಜಿಬಿ ಬ್ಯಾಂಡ್‌ವಿಡ್ತ್. 580ಗೆ 256 ಬಿಟ್, 256 ಜಿಬಿ. ಮೇಲೆ 2 ಜಿಬಿ ಮೆಮೊರಿ ಜಾಸ್ತಿ. ಬಂದ ಹೊಸತರಲ್ಲಿ ಎರಡೂ ಸಮಸಮ ಓಡುತ್ತಿದ್ದವು. ಆಮೇಲೆ ಡೈರೆಕ್ಟ್‌ಎಕ್ಸ್ 12, ವಲ್ಕನ್ (ಗೇಮ್ ಕಾರ್ಡ್ ಜೊತೆ ಮಾತಾಡುವ ಹೊಸ ವಿಧಾನಗಳು) ಬಳಸುವ ಗೇಮ್‌ಗಳು ಜಾಸ್ತಿ ಆದವು, 580 ಮೆಲ್ಲಗೆ ಮುಂದೆ ಹೋಯಿತು. ನೀವು ಹೇಳಿದ ಫೋರ್ಜಾ, ರೆಡ್ ಡೆಡ್ ಎರಡೂ ಅದೇ ಜಾತಿಯವು, ಅಲ್ಲಿ 580 ಮುಂದೆ. ಜಿಟಿಎ 5ರಲ್ಲಿ 1060 ಮುಂದೆ, ಆದರೆ ಅಲ್ಲಿ ಎರಡೂ 60 ಎಫ್‌ಪಿಎಸ್ (ಸೆಕೆಂಡ್‌ಗೆ 60 ಫ್ರೇಮ್) ಆರಾಮಾಗಿ ದಾಟುತ್ತವೆ, ನಿಮ್ಮ ಮಾನಿಟರ್ ತೋರಿಸುವುದೇ 60, ಆ ವ್ಯತ್ಯಾಸ ಕಟ್ಟಿಕೊಂಡು ಏನು ಮಾಡುತ್ತೀರಾ.

ರೆಡ್ ಡೆಡ್ ಖಂಡಿತ ಆಡಬಹುದು. ಎಲ್ಲಾ ಅಲ್ಟ್ರಾ ಹಾಕಬೇಡಿ. ಟೆಕ್ಸ್ಚರ್ ಮಾತ್ರ ಅಲ್ಟ್ರಾದಲ್ಲಿಡಿ, ಅದನ್ನು ಇಳಿಸಿದರೆ ಮಣ್ಣು, ಬಟ್ಟೆ, ಕುದುರೆ ಮೈ ಎಲ್ಲಾ ಮಸುಕಾಗಿ ಕಾಣುತ್ತೆ. ನೀರು, ವಾಲ್ಯುಮೆಟ್ರಿಕ್ ಬೆಳಕು (ಮಂಜು, ಹೊಗೆಯೊಳಗೆ ಕಾಣುವ ಬೆಳಕು), ರಿಫ್ಲೆಕ್ಷನ್ ಇವನ್ನು ಮೀಡಿಯಮ್‌ಗೆ ಇಳಿಸಿ. ಭಾರ ಇರುವುದೆಲ್ಲಾ ಅಲ್ಲೇ. ಎಂಎಸ್‌ಎಎ (ಅಂಚು ನುಣುಪು ಮಾಡುವ ಸೆಟ್ಟಿಂಗ್) ಆಫ್ ಇರಲಿ. ಬೆಳಿಗ್ಗೆ ಮಂಜಿನಲ್ಲಿ ಕಾಡಿನೊಳಗೆ ಕುದುರೆ ಓಡಿಸುವಾಗ ಎಫ್‌ಪಿಎಸ್ ಬಿದ್ದರೆ ಅದಕ್ಕೆ ಕಾರಣ ವಾಲ್ಯುಮೆಟ್ರಿಕ್, ಮೊದಲು ಅದನ್ನು ಮುಟ್ಟಿ.

ನನ್ನ ಓಟು 580ಗೆ. 8 ಜಿಬಿ ಮುಂದೆ ಉಪಯೋಗಕ್ಕೆ ಬರುತ್ತೆ, ರೇಟೂ ಕಮ್ಮಿ.

ಜಯನಗರ_ವೋಲ್ಟ್:

ಮೇಲಿನವರು ಕಾರ್ಡ್ ಬಗ್ಗೆ ಹೇಳಿದ್ದು ಸರಿ, ಆದರೆ ಸಿಸ್ಟಮ್ ನೋಡಿ ಹೇಳಿಲ್ಲ. ಐ5-4570 ಅಂದರೆ ನಾಲ್ಕೇ ಕೋರ್, ನಾಲ್ಕೇ ಥ್ರೆಡ್. ಕೌಂಟರ್ ಸ್ಟ್ರೈಕ್ 2 (ಸಿಎಸ್ 2), ಜಿಟಿಎ 5 ತರಹದ ಡೈರೆಕ್ಟ್‌ಎಕ್ಸ್ 11 ಗೇಮ್‌ಗಳಲ್ಲಿ ಎಎಂಡಿ ಡ್ರೈವರ್ ಸಿಪಿಯು ಮೇಲೆ ಜಾಸ್ತಿ ಹೊರೆ ಹಾಕುತ್ತೆ, ಎನ್‌ವಿಡಿಯಾ ಡ್ರೈವರ್ ಆ ಕೆಲಸವನ್ನು ಬೇರೆ ಥ್ರೆಡ್‌ಗಳಿಗೆ ಹಂಚಿಬಿಡುತ್ತೆ. ಹಳೇ ಸಿಪಿಯುನಲ್ಲಿ ಇದು ಎದ್ದು ಕಾಣುತ್ತೆ. ಸಿಎಸ್ 2ರಲ್ಲಿ ಸ್ಮೋಕ್ ಹಾಕಿದಾಗ, ಹತ್ತು ಜನ ಒಂದೇ ಸೈಟ್‌ನಲ್ಲಿ ಗುದ್ದಾಡುವಾಗ ನಿಮ್ಮನ್ನು ಕಟ್ಟಿಹಾಕುವುದು ಕಾರ್ಡ್ ಅಲ್ಲ, ಸಿಪಿಯು. ಡೈರೆಕ್ಟ್‌ಎಕ್ಸ್ 12ರಲ್ಲಿ ಕಥೆ ಉಲ್ಟಾ, ಅಲ್ಲಿ ಎನ್‌ವಿಡಿಯಾ ಡ್ರೈವರೇ ಸಿಪಿಯುಗೆ ಜಾಸ್ತಿ ಭಾರ. ಅದಕ್ಕೇ ದಿನಾ ಆಡುವುದು ಯಾವುದು ಅನ್ನುವುದರ ಮೇಲೆ ತೀರ್ಮಾನ ಮಾಡಿ. ಸಿಎಸ್ ಮತ್ತು ಜಿಟಿಎ ಅಂದರೆ 1060, ಫೋರ್ಜಾ ಮತ್ತು ರೆಡ್ ಡೆಡ್ ಅಂದರೆ 580.

ನನಗೆ ಇದಕ್ಕಿಂತ ಚಿಂತೆ ನಿಮ್ಮ ಯುಪಿಎಸ್ ಬಗ್ಗೆ. 600 ವಿಎ ಅಂತ ಬರೆದಿರುವವು ಸಾಮಾನ್ಯವಾಗಿ ಕೊಡುವುದು 360 ವ್ಯಾಟ್. ಹಿಂದೆ ಸ್ಟಿಕರ್ ಇರುತ್ತೆ, ನೋಡಿ. 1060 ತಿನ್ನುವುದು 120 ವ್ಯಾಟ್. 580 ಲೆಕ್ಕಕ್ಕೆ 185, ಆದರೆ ಓವರ್‌ಕ್ಲಾಕ್ ಮಾಡಿ ಮಾರಿದ ಮಾಡೆಲ್‌ಗಳು 200 ದಾಟುತ್ತವೆ. ಸಿಪಿಯು 84, ಬೋರ್ಡ್, ಡಿಸ್ಕ್, ಫ್ಯಾನ್, ಮಾನಿಟರ್ ಎಲ್ಲಾ ಸೇರಿಸಿ, ಎಸ್‌ಎಂಪಿಎಸ್‌ನಲ್ಲಿ ಬಿಸಿಯಾಗಿ ಹೋಗುವುದನ್ನೂ ಸೇರಿಸಿದರೆ 580 ಜೊತೆ ಫುಲ್ ಲೋಡ್‌ನಲ್ಲಿ 360ರ ಮೇಲೆ ಹೋಗುತ್ತೆ. ಆ ಹೊತ್ತಿಗೆ ಕರೆಂಟ್ ಹೋದರೆ ಯುಪಿಎಸ್ ಒಂದು ಸಲ ಕುಯ್ಯೋ ಅಂದು ಆಫ್ ಆಗುತ್ತೆ. ನಾಗರಬಾವಿಯಲ್ಲಿ ಮಳೆ ಶುರುವಾದರೆ ಕರೆಂಟ್ ಹೇಗಿರುತ್ತೆ ಅಂತ ನಿಮಗೇ ಗೊತ್ತು. 1060 ಆದರೆ ಈ ತಲೆನೋವಿಲ್ಲ.

ಕರೆಂಟ್ ಬಿಲ್ ವಿಷಯಕ್ಕೆ ಅಷ್ಟು ಹೆದರಬೇಡಿ. 65 ವ್ಯಾಟ್ ವ್ಯತ್ಯಾಸ, ದಿನಕ್ಕೆ ಮೂರು ಗಂಟೆ ಆಡಿದರೆ ತಿಂಗಳಿಗೆ 6 ಯೂನಿಟ್ ಆಗುತ್ತೆ, ಯೂನಿಟ್‌ಗೆ ಸುಮಾರು 6 ರೂಪಾಯಿ ಹಿಡಿದರೆ 36 ರೂಪಾಯಿ. ಮನೆಗೆ ಗೃಹಜ್ಯೋತಿ ಇದ್ದು 200 ಯೂನಿಟ್ ಅಂಚಿನಲ್ಲಿದ್ದರೆ ಮಾತ್ರ ಎಚ್ಚರ, 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತೆ, ಆಗ ಮನೆಯಲ್ಲಿ ಕಂಪ್ಯೂಟರ್ ಕಡೆಗೇ ಬೆರಳು ತೋರಿಸುತ್ತಾರೆ.

ಚಾಮರಾಜಪೇಟೆ_ರಿಪೇರಿ:

ನಾನು ಕಾರ್ಡ್ ರಿಪೇರಿ ಮಾಡುವವನು. ಮೈನಿಂಗ್ ಅಂದ ತಕ್ಷಣ ಓಡಿಹೋಗಬೇಡಿ. 2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಮ್ ಮೈನಿಂಗ್ ನಿಂತ ಮೇಲೆ ರಾಶಿ ರಾಶಿ 580, 570 ಮಾರ್ಕೆಟ್‌ಗೆ ಬಂದವು, ಈಗ ಕೈಯಿಂದ ಕೈಗೆ ತಿರುಗುತ್ತಿರುವುದು ಹೆಚ್ಚಾಗಿ ಅವೇ. ಮೈನಿಂಗ್‌ನಲ್ಲಿ ಚಿಪ್ ಅಷ್ಟು ಸುಲಭಕ್ಕೆ ಸಾಯಲ್ಲ, ಅವರು ವೋಲ್ಟೇಜ್ ಇಳಿಸಿಯೇ ಓಡಿಸುತ್ತಿದ್ದರು. ಸವೆಯುವುದು ಫ್ಯಾನ್ ಬೇರಿಂಗ್, ಒಣಗುವುದು ಥರ್ಮಲ್ ಪೇಸ್ಟ್ ಮತ್ತು ಪ್ಯಾಡ್. ಬಿಸಿಗೆ ಸಿಕ್ಕಿ ನರಳುವುದು ಮೆಮೊರಿ.

ನೋಡಲು ಹೋದಾಗ ಹೀಗೆ ಮಾಡಿ. ಕಾರ್ಡ್ ಕೈಗೆ ತೆಗೆದುಕೊಂಡು ಫ್ಯಾನ್ ಬೆರಳಲ್ಲಿ ತಿರುಗಿಸಿ. ನುಣ್ಣಗೆ ತಿರುಗಿ ನಿಧಾನಕ್ಕೆ ನಿಲ್ಲಬೇಕು, ಗರಗರ ಅಂದರೆ ಅಥವಾ ಅಲ್ಲಾಡಿದರೆ ಫ್ಯಾನ್ ಬದಲಾಯಿಸಬೇಕು. ಹಿಂಭಾಗದಲ್ಲಿ ಮೆಮೊರಿ ಚಿಪ್ ಸುತ್ತ ಬೋರ್ಡ್ ಬಣ್ಣ ಕಂದು ತಿರುಗಿದೆಯಾ ನೋಡಿ. ಸ್ಕ್ರೂ ತಲೆ ಸವೆದಿದ್ದರೆ ಬಿಚ್ಚಿದ ಕಾರ್ಡ್, ಅದು ತಪ್ಪಲ್ಲ, ಯಾಕೆ ಬಿಚ್ಚಿದಿರಿ ಅಂತ ಕೇಳಿ. ಆಮೇಲೆ ಕಾರ್ಡ್‌ಗೆ ಪೂರ್ತಿ ಹೊರೆ ಹಾಕುವ ಫರ್‌ಮಾರ್ಕ್ ಸಾಫ್ಟ್‌ವೇರ್ ಹಾಕಿ ಹತ್ತು ಹದಿನೈದು ನಿಮಿಷ ಬಿಡಿ. ಪರದೆ ಮೇಲೆ ಚುಕ್ಕಿ, ಗೆರೆ, ಚೌಕಟ್ಟು ಮಿನುಗಿದರೆ ಮೆಮೊರಿ ಹೋಗುತ್ತಿದೆ ಅಂತ ಅರ್ಥ, ಯಾವ ರೇಟಿಗೂ ಬೇಡ. ಎಎಂಡಿ ಕಾರ್ಡ್‌ಗೆ ಎಚ್‌ಡಬ್ಲ್ಯೂಇನ್ಫೋ ಸಾಫ್ಟ್‌ವೇರ್ ತೆರೆದರೆ ಮೆಮೊರಿ ಎರರ್ ಲೆಕ್ಕವೇ ಕಾಣುತ್ತೆ, ಸೊನ್ನೆ ಇರಬೇಕು, ಅಷ್ಟೇ. ಮಾರುವವರ ಹತ್ತಿರವೇ ಡ್ರೈವರ್ ಹೊಸದಾಗಿ ಇನ್‌ಸ್ಟಾಲ್ ಮಾಡಿಸಿ. ಮೈನಿಂಗ್‌ಗೆ ಅಂತ ಬದಲಾಯಿಸಿದ ಬಯಾಸ್ (ಕಾರ್ಡ್ ಒಳಗೇ ಇರುವ ಸಾಫ್ಟ್‌ವೇರ್) ಹಾಗೇ ಬಿಟ್ಟಿದ್ದರೆ ಡ್ರೈವರ್ ಹತ್ತದೆ ಸತಾಯಿಸುತ್ತೆ, ಮೂಲ ಬಯಾಸ್ ವಾಪಸ್ ಹಾಕಿದರೆ ಸರಿಹೋಗುತ್ತೆ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಒಂದಿದೆ. ಮಾರುವವರಿಂದ ಜಿಪಿಯು-ಝಡ್ (ಕಾರ್ಡ್ ವಿವರ ತೋರಿಸುವ ಸಾಫ್ಟ್‌ವೇರ್) ಸ್ಕ್ರೀನ್‌ಶಾಟ್ ತರಿಸಿಕೊಳ್ಳಿ. ಶೇಡರ್ (ಕಾರ್ಡ್‌ನ ಕೋರ್‌ಗಳ ಲೆಕ್ಕ) ಅನ್ನುವ ಜಾಗದಲ್ಲಿ 2304 ಇದ್ದರೆ ಅಸಲಿ 580. 2048 ಇದ್ದರೆ ಅದು ಚೀನಾ ಮಾರ್ಕೆಟ್‌ಗೆ ಅಂತ 2018ರಲ್ಲಿ ಬಂದ ಬೇರೆ ಕಾರ್ಡ್, ಹೆಸರು 580, ಒಳಗಿರುವುದು 570ರಷ್ಟೇ ಕೋರ್. 1060ಗೂ ಇದೇ ಮಾತು, 1280 ಇರಬೇಕು. 1152 ಇದ್ದರೆ 3 ಜಿಬಿ ಕಾರ್ಡ್‌ನ ಚಿಪ್. ಇನ್ನೂ ಹಳೇ ಕಾರ್ಡ್‌ಗೆ 1060 ಬಯಾಸ್ ಹಾಕಿ ಮಾರುವವರೂ ಇದ್ದಾರೆ, ಜಿಪಿಯು-ಝಡ್ ಅದನ್ನು ಫೇಕ್ ಅಂತ ಹೆಸರಿನ ಮುಂದೆಯೇ ತೋರಿಸುತ್ತೆ.

ಪೆಂಗ್ವಿನ್_ಯಲಹಂಕ:

ಡ್ರೈವರ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ. 1060 ಪ್ಯಾಸ್ಕಲ್ ಪೀಳಿಗೆಯದು, ಅದಕ್ಕೆ ಹೊಸ ಗೇಮ್‌ಗಳ ಡ್ರೈವರ್ 2025ರ ಅಕ್ಟೋಬರ್‌ಗೆ ನಿಂತಿತು, ಇನ್ನು 2028ರ ಅಕ್ಟೋಬರ್‌ವರೆಗೆ ಸೆಕ್ಯುರಿಟಿ ಅಪ್‌ಡೇಟ್ ಮಾತ್ರ. 580 ಕೂಡ 2023ರ ಕೊನೆಯಿಂದ ಹಳೇ ಕಾರ್ಡ್‌ಗಳ ಬೇರೆ ಡ್ರೈವರ್ ಸಾಲಿಗೆ ಹೋಗಿದೆ. ವಿಂಡೋಸ್‌ನಲ್ಲಿ ಎರಡಕ್ಕೂ ವಯಸ್ಸಾಯಿತು. ಆದರೆ ಲಿನಕ್ಸ್‌ಗೆ ಬಂದರೆ 580ಗೆ ಮೆಸಾ ಡ್ರೈವರ್ ಇದೆ, ಓಪನ್ ಸೋರ್ಸ್, ಕಂಪನಿ ಕೈಬಿಟ್ಟರೂ ಕೆಲಸ ನಡೆಯುತ್ತಿರುತ್ತೆ. ನಿಮ್ಮ 4570ಗೆ ವಿಂಡೋಸ್ 11 ಅಧಿಕೃತವಾಗಿ ಇಲ್ಲ, ವಿಂಡೋಸ್ 10 ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಇದನ್ನೂ ಯೋಚನೆ ಮಾಡಿ. ನಾನು 580ಯಲ್ಲಿ ಪ್ರೋಟಾನ್ (ವಿಂಡೋಸ್ ಗೇಮ್‌ಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಸಾಫ್ಟ್‌ವೇರ್) ಮೂಲಕ ರೆಡ್ ಡೆಡ್ ಆಡುತ್ತಿದ್ದೇನೆ, ಚೆನ್ನಾಗಿ ಓಡುತ್ತೆ.

ಎರಡಕ್ಕೂ ರೇ ಟ್ರೇಸಿಂಗ್ (ಬೆಳಕು, ನೆರಳನ್ನು ನಿಜದ ಹಾಗೆ ಲೆಕ್ಕ ಹಾಕುವುದು) ಹಾರ್ಡ್‌ವೇರ್ ಇಲ್ಲ ಅನ್ನುವುದು ನೆನಪಿರಲಿ. ಡೂಮ್ ದಿ ಡಾರ್ಕ್ ಏಜಸ್ ತರಹ ಅದನ್ನೇ ಕಡ್ಡಾಯ ಮಾಡಿರುವ ಗೇಮ್‌ಗಳು ಈ ಕಾರ್ಡ್‌ಗಳಿಗಲ್ಲ. ಕಮ್ಮಿ ರೆಸಲ್ಯೂಷನ್‌ನ ಚಿತ್ರ ಹಿಗ್ಗಿಸಿ ಎಫ್‌ಪಿಎಸ್ ಏರಿಸುವ ಎನ್‌ವಿಡಿಯಾದ ಡಿಎಲ್‌ಎಸ್‌ಎಸ್ ಕೂಡ 1060ಗೆ ಸಿಗಲ್ಲ, ಅದೇ ಕೆಲಸ ಮಾಡುವ ಎಎಂಡಿಯ ಎಫ್‌ಎಸ್‌ಆರ್‌ನ ಹಳೇ ಆವೃತ್ತಿಗಳು ಎರಡರಲ್ಲೂ ಓಡುತ್ತವೆ. ಇನ್ನೊಂದೆರಡು ಸಾವಿರ ಹೊಂದಿಸಲು ಆಗುವುದಾದರೆ ಜಿಟಿಎಕ್ಸ್ 1660 ಸೂಪರ್ ಹುಡುಕಿ. 2019ರ ಕಾರ್ಡ್, ಜಿಡಿಡಿಆರ್6 ಮೆಮೊರಿ, 125 ವ್ಯಾಟ್, ಇವೆರಡಕ್ಕಿಂತಲೂ ವೇಗ, ಡ್ರೈವರ್ ಇನ್ನೂ ಬರುತ್ತಿದೆ.

ನಾಗರಬಾವಿ_ಹುಡುಗ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ರಿಪೇರಿ ಅಣ್ಣ ಹೇಳಿದ ಹಾಗೆ ಬನಶಂಕರಿಯವರ ಹತ್ತಿರ ಜಿಪಿಯು-ಝಡ್ ಫೋಟೋ ಕೇಳಿದೆ. ಶೇಡರ್ 2048 ಅಂತ ಇದೆ! ಅವರಿಗೂ ಇದು ಗೊತ್ತಿರಲಿಲ್ಲವಂತೆ, 580 ಅಂತಲೇ ತೆಗೆದುಕೊಂಡಿದ್ದರಂತೆ. 8 ಜಿಬಿ ಇರುವುದು ನಿಜ. ಈಗ ಎಷ್ಟಕ್ಕೆ ಕೇಳಬಹುದು, ಇಲ್ಲಾ ಬಿಟ್ಟುಬಿಡಲಾ? ಇನ್ನೊಂದು ವಿಷಯ ಹೇಳಲು ಮರೆತಿದ್ದೆ, ನನ್ನ ಮಾನಿಟರ್‌ನಲ್ಲಿ ವಿಜಿಎ ಮಾತ್ರ ಇರುವುದು.

ಚಾಮರಾಜಪೇಟೆ_ರಿಪೇರಿ:

ಅದನ್ನು 570 8 ಜಿಬಿ ಅಂತಲೇ ತಿಳಿದು ರೇಟ್ ಮಾತಾಡಿ. ಕೋರ್ ಹತ್ತರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ಕಮ್ಮಿ, ಆಟದಲ್ಲಿ ಅಷ್ಟೂ ಕಾಣಿಸಲ್ಲ. ಫ್ಯಾನ್ ಚೆನ್ನಾಗಿದ್ದು, ಎರರ್ ಸೊನ್ನೆ ಇದ್ದರೆ 3,500ಕ್ಕೆ ಕೊಟ್ಟರೆ ತೆಗೆದುಕೊಳ್ಳಿ. ವೋಲ್ಟ್ ಹೇಳಿದ ಯುಪಿಎಸ್ ತೊಂದರೆಯೂ ಸ್ವಲ್ಪ ಕಮ್ಮಿ ಆಗುತ್ತೆ. ಎಎಂಡಿ ಸಾಫ್ಟ್‌ವೇರ್‌ನಲ್ಲೇ ವೋಲ್ಟೇಜ್ ಒಂದಿಷ್ಟು ಇಳಿಸಿ, ಎಫ್‌ಪಿಎಸ್ 60ಕ್ಕೆ ಕಟ್ಟಿಹಾಕಿ, ಕಾರ್ಡ್ ಕುಡಿಯುವುದು ಇನ್ನೂ ಇಳಿಯುತ್ತೆ, ರೂಮ್ ಕೂಡ ಕಾಯಲ್ಲ. 5,000 ಬಿಟ್ಟು ಇಳಿಯಲ್ಲ ಅಂದರೆ ವಾಪಸ್ ಬನ್ನಿ, 2304 ಇರುವ ಕಾರ್ಡ್‌ಗಳಿಗೆ ಬೆಂಗಳೂರಲ್ಲಿ ಬರ ಇಲ್ಲ.

ವಿಜಿಎ ವಿಷಯಕ್ಕೆ ಬಂದರೆ, 1060 ಆಗಲಿ 580 ಆಗಲಿ ಅನಲಾಗ್ ಸಿಗ್ನಲ್ ಕೊಡಲ್ಲ. ಅವುಗಳ ಡಿವಿಐ ಪೋರ್ಟ್ ಕೂಡ ಡಿವಿಐ-ಡಿ, ಬರೀ ಡಿಜಿಟಲ್. ಅಂಗಡಿಯಲ್ಲಿ ಕೊಡುವ ಸಣ್ಣ ಡಿವಿಐ-ವಿಜಿಎ ಕನೆಕ್ಟರ್ ಅದಕ್ಕೆ ಕೂರುವುದೇ ಇಲ್ಲ, ಆ ನಾಲ್ಕು ಪಿನ್‌ಗೆ ತೂತೇ ಇಲ್ಲ. ಒತ್ತಿ ಕೂರಿಸಲು ಹೋಗಬೇಡಿ, ಪಿನ್ ಬಾಗುತ್ತೆ. ಒಳಗೆ ಚಿಪ್ ಇರುವ ಎಚ್‌ಡಿಎಂಐ-ವಿಜಿಎ ಅಡಾಪ್ಟರ್ ಕೇಳಿ, ಎಸ್‌ಪಿ ರೋಡ್‌ನಲ್ಲಿ ಸಿಗುತ್ತೆ, 1080ಪಿ 60 ಹರ್ಟ್ಸ್‌ಗೆ ಅದು ಸಾಕು.

ನಾಗರಬಾವಿ_ಹುಡುಗ:

ಸರಿ ಅಣ್ಣ. ಭಾನುವಾರ ಬನಶಂಕರಿಗೆ ಹೋಗಿ ಫರ್‌ಮಾರ್ಕ್ ಹಾಕಿಸಿ ನೋಡುತ್ತೇನೆ, 3,500ಕ್ಕೇ ಕೇಳುತ್ತೇನೆ. ಅಡಾಪ್ಟರ್ ಮೊದಲೇ ತೆಗೆದುಕೊಂಡಿರುತ್ತೇನೆ.